ಕೊನೆಯ ಮನೆಯ ನಳ

ನಿಮ್ಮ ಓಣಿಗೆ ನೀರು ಬಿಡುವ ಹೊತ್ತು ನಿಮಗೆ ಹೇಗೆ ಗೊತ್ತಾಗುತ್ತದೆ? ಕೆಲವರು ವಾಲ್ವ್ ತಿರುಗಿಸುವವನ ಸೈಕಲ್ಲಿಗೆ ಕಾಯುತ್ತಾರೆ. ಕೆಲವರು ನಳಕ್ಕೆ ಕಿವಿಯಿಟ್ಟು ಗಾಳಿಯ ಸದ್ದು ಕೇಳುತ್ತಾರೆ. ಬಳ್ಳಾರಿಯ ಗಾಂಧಿನಗರದ ಹಿಂದೆ ಹನ್ನೊಂದು ಮನೆಗಳ ಒಂದು ಸಣ್ಣ ಓಣಿ ಇದೆ. ಅಲ್ಲಿಯವರು ಮಾತ್ರ ಉಚ್ಚೆಂಗೆಮ್ಮನ ಕನಸನ್ನು ಕೇಳುತ್ತಿದ್ದರು.

ನಗಬೇಡಿ. ಆ ಕನಸು ಎಂದೂ ಸುಳ್ಳಾಗಿರಲಿಲ್ಲ.

ಉಚ್ಚೆಂಗೆಮ್ಮನದು ಓಣಿಯ ಮೇಲುಗಡೆಯ ಮೊದಲನೆಯ ಮನೆ; ನೀರು ಮೊದಲು ಮುಟ್ಟುವುದೂ ಅಲ್ಲಿಗೇ. ಅವಳ ತವರು ಸಿರುಗುಪ್ಪ ತಾಲ್ಲೂಕಿನ ದೇಶನೂರು. ಬಳ್ಳಾರಿಗೆ ಸೊಸೆಯಾಗಿ ಬಂದು ಮೂವತ್ತೈದು ವರ್ಷ ಕಳೆದಿದ್ದರೂ, ಮಧ್ಯಾಹ್ನ ಉಂಡು ಬಾಗಿಲ ಬಳಿ ಚಾಪೆ ಹಾಸಿದರೆ ಸಾಕು, ತವರಿನ ಕಾಲುವೆ ಅವಳನ್ನು ಹುಡುಕಿಕೊಂಡು ಬರುತ್ತಿತ್ತು. ಎರಡೂ ಕಡೆ ಹಸಿರು ನೆಲ್ಲು. ಮಧ್ಯೆ ಸುಮ್ಮನೆ ಹರಿಯುವ ಕಂದು ನೀರು. ದಂಡೆಯ ಮೇಲೆ ಕೂತು ಎರಡೂ ಕಾಲು ಇಳಿಬಿಟ್ಟ ಹತ್ತು ವರ್ಷದ ಹುಡುಗಿ. ಆ ಹುಡುಗಿಯ ಪಾದಕ್ಕೆ ತಂಪು ಹತ್ತಿದಾಗ ಐವತ್ತು ದಾಟಿದ ಉಚ್ಚೆಂಗೆಮ್ಮನಿಗೆ ಎಚ್ಚರವಾಗುತ್ತಿತ್ತು. ಎದ್ದು ನೋಡಿದರೆ ಅಂಗಳದಲ್ಲಿಟ್ಟ ಕೊಡ ತುಂಬಿ ತುಳುಕುತ್ತಿತ್ತು.

"ಕಾಲುವಿ ಕಂಡ್ರ ನೀರು ಬಂದಂಗ," ಎಂದು ಅವಳು ಓಣಿಗೆಲ್ಲ ಸಾರಿದ್ದಳು. ಅಕ್ಕಪಕ್ಕದವರೂ ಅವಳು ಎದ್ದ ಕೂಡಲೇ ಕೇಳುವವರೇ: "ಇವತ್ತು ಕಾಲುವಿ ಕಂಡಿತ್ತೇನಬೇ?"

ಮಲಗಿದ್ದಾಗಲೂ ನೀರು ಬಂದದ್ದು ತಿಳಿಯಲೆಂದು ಅವಳು ಎರಡು ವರ್ಷದ ಹಿಂದೆ, ನಳ ಮುಚ್ಚುವ ತಿರುಪನ್ನು ಬಿಚ್ಚಿ ಕಪಾಟಿನಲ್ಲಿಟ್ಟಿದ್ದಳು. ಪೈಪಿನ ಬಾಯಿಗೆ ಒಂದು ಮೊಳ ರಬ್ಬರ್ ಪೈಪು, ಅದರ ಕೆಳಗೊಂದು ಖಾಲಿ ಸ್ಟೀಲ್ ಕೊಡ. ನೀರು ಬಂದರೆ ಸದ್ದಾಗುತ್ತದೆ, ಸದ್ದಾದರೆ ಎದ್ದು ಡ್ರಮ್ಮು ತುಂಬಿಸಿಕೊಳ್ಳಬಹುದು. ಇದು ಬಹಳ ಜಾಣತನ ಎಂದುಕೊಂಡು ಮೇಲಿನ ಐದಾರು ಮನೆಯವರೂ ಹಾಗೆಯೇ ಮಾಡಿದ್ದರು. ಅವಳ ಗಂಡ ಜಡೆಪ್ಪ ಒಮ್ಮೆ "ತಿರುಪು ಹಚ್ಚಲೇನಲೇ?" ಎಂದು ಕೇಳಿ ಬೈಸಿಕೊಂಡಿದ್ದ. ಮತ್ತೆ ಕೇಳಲು ಹೋಗಿರಲಿಲ್ಲ.

ಓಣಿಯ ಕೊನೆಯ ಮನೆ ಲಾಲಬೀಯದು.

ಮೂವತ್ತು ವರ್ಷದ ಗೆಳೆತನ ಅವರದು. ಮಧ್ಯಾಹ್ನದ ನಿದ್ದೆ ಮುಗಿದ ಮೇಲೆ ಇಬ್ಬರೂ ಉಚ್ಚೆಂಗೆಮ್ಮನ ಪಡಸಾಲೆಯಲ್ಲಿ ಕೂತು, ಕಾರ್ಖಾನೆಯಿಂದ ಬಂದ ಜೀನ್ಸ್ ಪ್ಯಾಂಟುಗಳ ಹೊರಬಿದ್ದ ದಾರ ಕತ್ತರಿಸುತ್ತಿದ್ದರು. ಸಂಜೆಗೆ ಇಬ್ಬರ ಬೆರಳೂ ನೀಲಿಯಾಗುತ್ತಿದ್ದವು. ಉಚ್ಚೆಂಗೆಮ್ಮನ ಹೋಳಿಗೆ ಲಾಲಬೀಯ ಮನೆಗೆ, ಲಾಲಬೀಯ ರಂಜಾನ್ ಹಬ್ಬದ ಸುರಕುಂಬಾ ಪಾಯಸ ಇವಳ ಮನೆಗೆ. ಜಗಳವೂ ಆಗುತ್ತಿತ್ತು, ಆದರೆ ಪ್ಯಾಂಟುಗಳ ಮುಂದಿನ ಗಂಟು ಬಿಚ್ಚುವ ಹೊತ್ತಿಗೆ ಮುಗಿಯುತ್ತಿತ್ತು.

ಆದರೆ ಲಾಲಬೀಯ ನಳಕ್ಕೆ ಎರಡು ವರ್ಷದಿಂದ ನೀರು ಸರಿಯಾಗಿ ಬರುತ್ತಿರಲಿಲ್ಲ. ನೀರಿನ ಸರದಿಯ ದಿನ ಅದು ಸುಯ್ ಎಂದು ಗಾಳಿ ಬಿಟ್ಟು ಸುಮ್ಮನಾಗುತ್ತಿತ್ತು. ಸರದಿ ಮುಗಿದ ಮೇಲೆ ಅವಳು ಮೇಲಿನ ಮನೆಗಳ ಡ್ರಮ್ಮಿನಿಂದ ಎರಡು ಕೊಡ ತುಂಬಿಸಿಕೊಂಡು ಹೊತ್ತೊಯ್ಯುತ್ತಿದ್ದಳು. ಈ ಬೇಸಿಗೆಯಲ್ಲಿ ಅವಳ ಮೊಣಕಾಲು ಕೈಕೊಟ್ಟಿತು.

ಒಂದು ಸೋಮವಾರ ದಾರ ಕತ್ತರಿಸುತ್ತ ಕತ್ತರಿಸುತ್ತ ಲಾಲಬೀ ತಲೆ ಎತ್ತದೆ ಹೇಳಿದಳು: "ಅಕ್ಕಾ, ಶುಕ್ರವಾರ ನಮ್ಮ ಹುಡುಗ ಆಸಿಂ ಟೆಂಪೋ ತರ್ತಾನಂತ. ನಾವು ಕುರುಗೋಡಿಗೆ ಹೋಗಿಬಿಡ್ತೀವಿ."

"ಯಾಕ? ಎಷ್ಟು ದಿವಸಕ್ಕ?"

"ದಿವಸಕ್ಕಲ್ಲಕ್ಕ. ಮನಿ ಖಾಲಿ ಮಾಡತೀವಿ. ಮಗನ ಮನ್ಯಾಗ ನೀರಿಗೆ ಬರ ಇಲ್ಲ. ಇಲ್ಲಿ ನನಗ ಕೊಡ ಹೊರಾಕ ಆಗವಲ್ದು."

ಉಚ್ಚೆಂಗೆಮ್ಮನ ಕೈಯ ಕತ್ತರಿ ನಿಂತಿತು. ಅಳು ಬಂದಾಗಲೆಲ್ಲ ಸಿಟ್ಟು ಮಾಡುವುದು ಅವಳ ಗುಣ. "ಪೈಪಿನ್ಯಾಗ ದಮ್ಮಿಲ್ಲ! ನೀರು ಬಿಡೋರಿಗೆ ಕಣ್ಣಿಲ್ಲ! ಕಡೀ ಮನಿಯವರು ಮನಶ್ಯಾರಲ್ಲೇನ?" ಎಂದು ಇಡೀ ಊರಿಗೆ ಬೈದಳು.

ಆ ಬೈಗುಳದ ನಡುವೆಯೇ ಅನಿತಾ ಒಳಗೆ ಬಂದಳು. ಅನಿತಾ ಪಕ್ಕದ ಓಣಿಯ ಮಹಿಳಾ ಸಂಘದವಳು. ಪಾಲಿಕೆಯಿಂದ ಬರುವ ಸುದ್ದಿಯನ್ನು ಮನೆಮನೆಗೂ ಮುಟ್ಟಿಸುವ ಕೆಲಸ ಹಚ್ಚಿಕೊಂಡಿದ್ದಳು. ಕೈಯಲ್ಲಿ ಮೊಬೈಲು, ಬಗಲಲ್ಲಿ ಒಂದು ಪುಸ್ತಕ.

"ಉಚ್ಚೆಂಗಕ್ಕ, ನಿಮ್ಮ ಫೋನ್ ನಂಬರ್ ಹೇಳ್ರಿ. ವಾರ್ಡಿನ ಪಟ್ಟಿಗೆ ಸೇರಸ್ತೀನಿ. ನೀರು ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಹೊತ್ತು ಅಂತ ಮೊದಲೇ ಮೆಸೇಜು ಬರತೈತಿ. ಪೈಪ್ ಒಡೆದು ಹೊತ್ತು ಬದಲಾದ್ರೂ ತಿಳಸ್ತಾರ. ನೀರು ಕುದಿಸಿ ಕುಡೀರಿ ಅನ್ನೋ ದಿನ ಅದನ್ನೂ ಹೇಳ್ತಾರ."

"ನನ್ನ ಫೋನು ಗುಂಡಿ ಒತ್ತೋದು, ತಂಗಿ. ಅದರಾಗ ಏನು ಬರತೈತಿ?"

"ಗುಂಡಿ ಫೋನಿಗೂ ಬರತೈತ್ರಿ."

"ಬ್ಯಾಡ ಬಿಡು. ನನಗ ಕಾಲುವಿ ಹೇಳತೈತಿ. ನಿನ್ನ ಮೆಸೇಜಿಗಿಂತ ನನ್ನ ಕನಸು ಗಟ್ಟಿ ಐತಿ."

ಅನಿತಾ ನಕ್ಕಳು, ಆದರೆ ಹೀಯಾಳಿಸಲಿಲ್ಲ. ಮೊಬೈಲ್ ತೆಗೆದು ಓದಿದಳು: "ನಾಳೆ ಮಂಗಳವಾರ. ನಿಮ್ಮ ಓಣಿಗೆ ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ನೀರು. ಇದು ಮೆಸೇಜು. ನಿಮ್ಮ ಕನಸು ಎಷ್ಟಕ್ಕ ಬರತೈತಿ, ನೋಡೋಣ್ರಿ."

"ಬಂದು ನೋಡು. ನಾನಾಗಿ ಏಳೋತನಕ ಯಾರೂ ನನ್ನ ಎಬ್ಬಸಬಾರದು," ಎಂದಳು ಉಚ್ಚೆಂಗೆಮ್ಮ. ಗೆಳತಿ ಹೋಗುವ ಸಂಕಟದಲ್ಲೂ ಅವಳಿಗೆ ಪಂಥ ಕಟ್ಟುವ ಚಪಲ ಬಿಡಲಿಲ್ಲ.

ಮಂಗಳವಾರ ಬಿಸಿಲಿಗೆ ಊರ ಗುಡ್ಡದ ಬಂಡೆಯಿಂದ ಓಣಿಯವರೆಗೂ ಎಲ್ಲ ಕಾದಿತ್ತು. ಉಚ್ಚೆಂಗೆಮ್ಮ ಉಂಡು ಚಾಪೆ ಹಾಸಿದಳು. ರಬ್ಬರ್ ಪೈಪಿನ ಕೆಳಗೆ ಕೊಡ ಇಟ್ಟಳು. ಶುಕ್ರವಾರದ ಟೆಂಪೋ ನೆನೆಯುತ್ತ ನೆನೆಯುತ್ತ ಕಣ್ಣು ಮುಚ್ಚಿದಳು.

ಕಾಲುವೆ ಬಂತು.

ಈ ಸಲ ಅದು ಎಂದಿಗಿಂತ ಅಗಲವಾಗಿತ್ತು. ನೀರು ದಂಡೆ ಮೀರಿ, ಹೆಸರಿಲ್ಲದ ಹಳ್ಳಕ್ಕೆ ಸುಮ್ಮನೆ ಬೀಳುತ್ತಿತ್ತು. ಬಿಳಿಯ ಕೊಕ್ಕರೆಗಳು ಹೆಜ್ಜೆ ಎತ್ತಿಡದೆ ನಿಂತಿದ್ದವು. ದಂಡೆಯ ಗುಂಟ ದೂರದಿಂದ ಒಬ್ಬರು ನಡೆದು ಬರುತ್ತಿದ್ದರು. ತಲೆಯ ಮೇಲೆ ಒದ್ದೆ ಟವೆಲು, ಹೆಗಲ ಮೇಲೆ ಸಲಿಕೆ. ಅವಳ ಅಪ್ಪ.

ಅಪ್ಪನ ಗದ್ದೆ ಕಾಲುವೆಯ ಕೊನೆಯಲ್ಲಿತ್ತು. ಮೇಲಿನವರು ತೂಬು ತೆರೆದಿಟ್ಟು ಮಲಗಿಬಿಟ್ಟರೆ ಕೆಳಗಿನ ಗದ್ದೆಗೆ ಹನಿ ನೀರೂ ಬರುತ್ತಿರಲಿಲ್ಲ. ಆಗ ಅಪ್ಪ ಹೀಗೆಯೇ ನಡೆದು ಹೋಗಿ, ಒಬ್ಬೊಬ್ಬರ ಎದುರೂ ನಿಂತು ಕೇಳಿಕೊಳ್ಳುತ್ತಿದ್ದ. ಹತ್ತು ವರ್ಷದ ಅವಳೂ ಹಿಂದೆ ಹೋಗುತ್ತಿದ್ದಳು. ಹೊಟ್ಟೆ ತುಂಬಿದವರ ಮುಂದೆ ಅಪ್ಪ ಕೈಮುಗಿಯುವುದು ಅವಳಿಗೆ ಸೇರುತ್ತಿರಲಿಲ್ಲ.

ಕನಸಿನಲ್ಲಿ ಅಪ್ಪ ನಡೆದು ನಡೆದು ಗಾಂಧಿನಗರದ ಓಣಿಗೆ ಬಂದ. ಅವಳ ಬಾಗಿಲಲ್ಲಿ ನಿಂತ. ಗುರುತಿಲ್ಲದವರನ್ನು ನೋಡುವಂತೆ ಅವಳನ್ನು ನೋಡಿದ. ಸಲಿಕೆ ಕೆಳಗಿಟ್ಟು ಎರಡೂ ಕೈ ಜೋಡಿಸಿದ.

"ತಾಯಿ, ಒಂಚೂರು ತೂಬು ಮುಚ್ರಿ. ಕೆಳಗ ನಮ್ಮ ಗದ್ದಿ ಒಣಗಾಕ ಹತ್ತೈತಿ."

'ಅವ್ವಾ' ಎಂಬುದನ್ನು ಬಿಟ್ಟು ಎಂದೂ ಬೇರೆ ಮಾತಿನಲ್ಲಿ ಕರೆಯದ ಅಪ್ಪ, ಮಗಳಿಗೆ 'ರಿ' ಹಚ್ಚಿ ಮಾತಾಡಿದ್ದ. ಉಚ್ಚೆಂಗೆಮ್ಮ ಚೀರಿ ಎದ್ದು ಕೂತಳು.

ಪಾದ ತಂಪಾಗಿತ್ತು. ನೋಡಿದರೆ ನಿಜವಾಗಿಯೂ ನೀರು. ಕೊಡ ತುಂಬಿ, ಅಂಗಳ ತುಂಬಿ, ಬಾಗಿಲ ಬಳಿಯ ಚಾಪೆಯವರೆಗೆ ಬಂದಿತ್ತು. ಉಳಿದದ್ದು ಬಾಗಿಲ ಮುಂದಿನ ಚರಂಡಿಗೆ ಹರಿಯುತ್ತಿತ್ತು. ಅದೇ ಹೊತ್ತಿಗೆ ಅನಿತಾ ಚರಂಡಿಯ ನೀರಿನ ಜಾಡು ಹಿಡಿದು ಕೆಳಗಿನಿಂದ ಬಂದಳು. ಅವಳ ಹಿಂದೆ ಲಾಲಬೀ, ಖಾಲಿ ಕೊಡ ಸೊಂಟದ ಮೇಲೆ.

"ಬಂತು ನೋಡು, ಕಾಲುವಿ..." ಎಂದು ಶುರುಮಾಡಿದ ಉಚ್ಚೆಂಗೆಮ್ಮ ಅಲ್ಲಿಗೇ ನಿಲ್ಲಿಸಿದಳು. "ಎಷ್ಟು ಗಂಟೆ ಆತು?"

"ಮೂರೂವರೆ ಆತ್ರಿ," ಎಂದಳು ಅನಿತಾ. "ನೀರು ಬಿಟ್ಟಿದ್ದು ಎರಡಕ್ಕ. ನೀವು ಎಬ್ಬಸಬಾರದು ಅಂದಿದ್ರಲ್ಲ, ನಾನು ಆವಾಗಿಂದ ಲಾಲಬೀ ಅವರ ನಳದ ಮುಂದ ಕುಂತಿದ್ದೆ. ಬರೇ ಗಾಳಿ. ಯಾಕಂತ ನೋಡಾಕ ಈಗ ಮ್ಯಾಲೆ ಬಂದ್ರ, ಮನಿಮನಿಗೂ ನಳ ಬಾಯಿ ಬಿಟ್ಟಾವ."

ಉಚ್ಚೆಂಗೆಮ್ಮ ಲೆಕ್ಕ ಹಾಕಿದಳು. ಎರಡರಿಂದ ಮೂರೂವರೆ. ಒಂದು ಕೊಡ ತುಂಬಲು ಐದು ನಿಮಿಷ ಸಾಕು. ಹಾಗಾದರೆ ಉಳಿದ ಹೊತ್ತೆಲ್ಲ? ಹಾಗಾದರೆ ಈ ಎರಡು ವರ್ಷ? ಕನಸು ನೀರನ್ನು ತರುತ್ತಿರಲಿಲ್ಲ. ಅಂಗಳದಲ್ಲಿ ಚೆಲ್ಲುವ ನೀರಿನ ಸದ್ದೇ ಅವಳ ನಿದ್ದೆಗೆ ಕಾಲುವೆಯನ್ನು ತರುತ್ತಿತ್ತು. ಅವಳು ದಂಡೆಯ ಮೇಲೆ ಸುಖವಾಗಿ ಕೂತಷ್ಟು ಹೊತ್ತೂ ಗೆಳತಿಯ ಪಾಲಿನ ನೀರು ಚರಂಡಿ ಸೇರುತ್ತಿತ್ತು.

"ಲಾಲಬೀ," ಎಂದಳು. "ನಿನ್ನ ನೀರು ಕುಡದಾಕಿ ನಾನ ಅದೀನಿ. ನಾನ ನಿನ್ನ ಕುರುಗೋಡಿಗೆ ಕಳಸಾಕ ಹತ್ತಿದ್ದೆ."

ಲಾಲಬೀ ಏನು ಹೇಳುತ್ತಿದ್ದಳೋ, ಉಚ್ಚೆಂಗೆಮ್ಮ ಕೇಳಲು ನಿಲ್ಲಲಿಲ್ಲ. ರಬ್ಬರ್ ಪೈಪನ್ನು ಮಡಚಿ ಬಿಗಿಯಾಗಿ ಹಿಡಿದಳು. "ಏನ್ರೀ! ಕಪಾಟಿನ್ಯಾಗ ತಿರುಪು ಐತಿ, ತರ್ರಿ!" ಎಂದು ಒಳಗೆ ಕೂಗಿದಳು. ಜಡೆಪ್ಪ ಅರ್ಧ ನಿದ್ದೆಯಲ್ಲೇ ತಿರುಪು ತಂದು ಹಚ್ಚಿದ. ಹಚ್ಚುವಾಗ ಮೈತುಂಬ ನೀರು ಸಿಡಿಯಿತು. "ನಾ ಅವತ್ತ ಹೇಳಿದ್ದೆ," ಎನ್ನಲು ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡ.

ಅವಳು ಒದ್ದೆ ಸೀರೆಯಲ್ಲೇ ಓಣಿಗಿಳಿದಳು. "ಏಳ್ರಬೇ! ಕೊಡ ತುಂಬಿದ್ರ ನಳ ಬಂದ್ ಮಾಡ್ರಿ! ಕಡೀ ಮನಿಗೆ ನೀರು ಹೋಗಲಿ!" ಒಂದೊಂದೇ ಬಾಗಿಲು ತಟ್ಟಿದಳು. ಎರಡನೆಯ ಮನೆಯವರು ಗೊಣಗಿದರು, ನಾಲ್ಕನೆಯ ಮನೆಯವರ ಬಳಿ ತಿರುಪೇ ಇರಲಿಲ್ಲ. ಪೈಪಿನ ಬಾಯಿಗೆ ಬಟ್ಟೆ ತುರುಕಿಸಿ ಮುಂದೆ ಹೋದಳು. ಪ್ರತಿ ಬಾಗಿಲಲ್ಲೂ ಅವಳು ಕೈಮುಗಿದಳು. ಕೈಮುಗಿಯುವಾಗ ಅಪ್ಪನ ನೆನಪು ಬರುತ್ತಿತ್ತು, ಆದರೆ ನಾಚಿಕೆ ಎನಿಸಲಿಲ್ಲ.

ನಾಲ್ಕು ಗಂಟೆಗೆ ಇನ್ನು ಹದಿನೈದು ನಿಮಿಷ ಇತ್ತು. ಎಲ್ಲರೂ ಲಾಲಬೀಯ ನಳದ ಸುತ್ತ ನಿಂತರು. ನಳ ಸುಯ್ ಎಂದಿತು. ಕೆಮ್ಮಿತು. ಸ್ವಲ್ಪ ಕೆಂಪು ನೀರು ಉಗುಳಿತು. ಆಮೇಲೆ ತೆಳ್ಳಗೆ, ತಿಳಿಯಾಗಿ, ಬಿಡದೆ ಬೀಳತೊಡಗಿತು.

ಲಾಲಬೀ ನೋಯುವ ಮೊಣಕಾಲನ್ನೂ ಮರೆತು ನಳದ ಮುಂದೆ ಕೂತುಬಿಟ್ಟಳು. ಕೈಯೊಡ್ಡಿದಳು, ನೀರನ್ನು ಮುಖಕ್ಕೆ ಹಚ್ಚಿಕೊಂಡಳು. "ನನ್ನ ಮನಿ ನೀರು, ಅಕ್ಕಾ," ಎಂದಳು. ಮೂರು ಕೊಡ ತುಂಬಿದವು. ನಾಲ್ಕನೆಯದು ಅರ್ಧವಾಗುವಾಗ ಸರದಿ ಮುಗಿಯಿತು.

ಅಂದು ಸಂಜೆ ಅವಳು ಮಗನಿಗೆ ಫೋನ್ ಮಾಡಿದಳು. "ಆಸಿಂ, ಟೆಂಪೋ ಇನ್ನೊಂದು ಸರದಿ ತಡಿಲಿ. ನೋಡೋಣ." ಹೋಗುವುದಿಲ್ಲ ಎಂದು ಹೇಳಲಿಲ್ಲ. ಉಚ್ಚೆಂಗೆಮ್ಮನಿಗೆ ಅಷ್ಟೇ ಸಾಕಾಗಿತ್ತು. ಅನಿತಾಳ ಪುಸ್ತಕದಲ್ಲಿ ತನ್ನ ಗುಂಡಿ ಫೋನಿನ ನಂಬರನ್ನು ಎರಡೆರಡು ಸಲ ಹೇಳಿ ಬರೆಸಿದಳು.

ಮರುದಿನ ಮೇಲಿನ ಮನೆಗಳಿಗೆಲ್ಲ ತಿರುಪುಗಳು ಬಂದವು. ಓಣಿಯ ಬೇವಿನ ಮರಕ್ಕೆ ಜಡೆಪ್ಪ ಒಂದು ಕರಿ ಹಲಗೆ ಕಟ್ಟಿದ. ಮೆಸೇಜು ಬಂದ ಕೂಡಲೇ ಅವನು ದಿನ, ಹೊತ್ತು ಬರೆಯುತ್ತಾನೆ. ಫೋನಿಲ್ಲದವರೂ ನೋಡಿಕೊಂಡು ಹೋಗುತ್ತಾರೆ. ಓದು ಬಾರದವರಿಗೆ ಉಚ್ಚೆಂಗೆಮ್ಮನ ಗಂಟಲು ಇದ್ದೇ ಇದೆ. ತಿರುವಿನಲ್ಲಿ ಪೈಪು ಸೋರುತ್ತಿದ್ದುದನ್ನು ಅನಿತಾ ಫೋಟೋ ತೆಗೆದು ವಾರ್ಡ್ ಕಚೇರಿಗೆ ಕಳಿಸಿದಳು. ಎರಡು ಸಲ ನೆನಪಿಸಿದ ಮೇಲೆ ಅದೂ ರಿಪೇರಿಯಾಯಿತು.

ಮುಂದಿನ ಸರದಿಗೆ ಬೆಳಿಗ್ಗೆ ಹನ್ನೊಂದು ಗಂಟೆ ಎಂದು ಮೆಸೇಜು. ಉಚ್ಚೆಂಗೆಮ್ಮ ತನ್ನ ಡ್ರಮ್ಮು ತುಂಬಿಸಿ, ನಳ ಮುಚ್ಚಿ, ಕೈ ಒರೆಸಿಕೊಂಡು ಕೊನೆಯ ಮನೆಗೆ ನಡೆದಳು. ಒಂದೇ ಒಂದು ದುಃಖ ಅವಳಿಗಿತ್ತು. ಇನ್ನು ನೀರಿನ ದಿನ ತಾನು ಎಚ್ಚರವಾಗಿಯೇ ಇರುವವಳು. ತವರಿನ ಕಾಲುವೆ ಇನ್ನು ಬರುವುದಿಲ್ಲವೇನೋ.

ಲಾಲಬೀಯ ಕೊಡದಲ್ಲಿ ನೀರು ತುಂಬುತ್ತಿತ್ತು. ಮೊದಲು ಖಣಖಣ, ಆಮೇಲೆ ಗುಳುಗುಳು. ಗೋಡೆಗೆ ಒರಗಿ ಕೂತಿದ್ದ ಉಚ್ಚೆಂಗೆಮ್ಮನ ಕಣ್ಣು ಒಂದು ಗಳಿಗೆ ಮುಚ್ಚಿತು. ಕಾಲುವೆಯ ಕೊನೆಯ ಗದ್ದೆ ಕಂಡಿತು. ಅಪ್ಪ ಹಿಮ್ಮಡಿ ಮುಳುಗುವಷ್ಟು ನೀರಿನಲ್ಲಿ ನಿಂತಿದ್ದ. ಯಾರಿಗೂ ಕೈಮುಗಿಯುತ್ತಿರಲಿಲ್ಲ. ಅವಳನ್ನು ನೋಡಿ, ಗುರುತು ಹಿಡಿದು, "ಬಂದ್ಯಾ ಅವ್ವಾ?" ಎಂದ.

"ಅಕ್ಕಾ, ಕೊಡ ತುಂಬ್ತು," ಎಂದಳು ಲಾಲಬೀ. ಉಚ್ಚೆಂಗೆಮ್ಮ ಕಣ್ಣು ತೆರೆಯುವ ಮೊದಲೇ ಕೈಚಾಚಿ ನಳ ಮುಚ್ಚಿದಳು. ಟೆಂಪೋ ಮಾತನ್ನು ಆ ಮೇಲೆ ಇಬ್ಬರೂ ಎತ್ತಲಿಲ್ಲ.

ಬಳ್ಳಾರಿಯಲ್ಲಿರಲಿ, ಸಿರುಗುಪ್ಪದಲ್ಲಿರಲಿ, ಕುರುಗೋಡಿನಲ್ಲಿರಲಿ, ಈ ಕಥೆ ಕೇಳಿದ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಊರಿನ ಕಚೇರಿ ನೀರಿನ ಸುದ್ದಿಯನ್ನು ಹೇಗೆ ತಿಳಿಸುತ್ತದೆ ಎಂದು ಇವತ್ತೇ ವಿಚಾರಿಸಿ. ಫೋನಿಗೆ ಬರುವುದಾದರೆ ನಂಬರ್ ಕೊಡಿ. ಬಂದ ಸುದ್ದಿಯನ್ನು ನೀವೊಬ್ಬರೇ ಇಟ್ಟುಕೊಳ್ಳಬೇಡಿ. ಪಾತ್ರೆ ತುಂಬಿದ ಕೂಡಲೇ ನಳ ಮುಚ್ಚಿ. ಆಮೇಲೆ ಒಮ್ಮೆ ಎದ್ದು ಹೋಗಿ, ನಿಮ್ಮ ಓಣಿಯ ಕೊನೆಯ ಮನೆಯ ಬಾಗಿಲು ತಟ್ಟಿ ಕೇಳಿ: "ನಿಮಗ ನೀರು ಬಂತೇನ್ರಿ?"