ಪಾದಕ್ಕೆ ನಾಲ್ಕು ನಿಮಿಷ

ಕಂಪ್ಯೂಟರ್ ಪರದೆಯ ಮೇಲೆ ಸಣ್ಣ ಗೆರೆ ಮಿಣುಕುತ್ತಿದೆ, ಹನ್ನೊಂದನೇ ಸಾಲಿನಲ್ಲಿ, ಹೋದ ವರ್ಷ ಅವಳೇ ಅಳಿಸಿದ ಸಾಲು — ಪಾದ ಪರೀಕ್ಷೆ, ನಾಲ್ಕು ನಿಮಿಷ. ಸಕ್ಕರೆ ಕಾಯಿಲೆಯವರು ಇಷ್ಟು ಜನ, ಒಬ್ಬೊಬ್ಬರಿಗೆ ಹತ್ತು ನಿಮಿಷ, ಹಾಗಾದರೆ ನಾನೂರ ಮೂವತ್ತು ನರ್ಸ್‌ಗಳು ಬೇಕು ಎಂದು ಅವಳ ಲೆಕ್ಕ ಹೇಳಿತ್ತು, ಆರೋಗ್ಯ ಇಲಾಖೆಯ ಡೈರೆಕ್ಟರು ಕನ್ನಡಕ ಹಣೆಗೇರಿಸಿ ನಕ್ಕಿದ್ದರು, ಏನಮ್ಮಾ, ನರ್ಸ್‌ಗಳೇನು ಗಿಡದಲ್ಲಿ ಬಿಡ್ತಾರಾ, ಮುನ್ನೂರು ದಾಟಬಾರದು, ಎಲ್ಲಾದ್ರೂ ಹಿಂದೆ ಮುಂದೆ ಮಾಡು — ಮಾಡಿದಳು, ರಕ್ತದೊತ್ತಡ ಬಿಡುವಂತಿಲ್ಲ, ಮಾತ್ರೆ ಕೊಡದಿದ್ದರೆ ಜನ ಸುಮ್ಮನಿರುವುದಿಲ್ಲ, ಪಾದ ತಾನೆ, ಪಾದವನ್ನು ಯಾರು ಕೇಳುತ್ತಾರೆ, ಒಂದು ಗುಂಡಿ ಒತ್ತಿದಳು, ಇನ್ನೂರ ಐವತ್ತೆಂಟಾಯಿತು, ಅಷ್ಟೇ ಜನರ ನೇಮಕವೂ ಆಯಿತು, ಡೈರೆಕ್ಟರು ಭೇಷ್ ಅಂದರು, ಸುಳ್ಳೇಕೆ, ಅವಳಿಗೂ ಹಿಗ್ಗೇ ಆಗಿತ್ತು.

ಅವಳ ಅಮ್ಮನಿಗೂ ಸಕ್ಕರೆ ಕಾಯಿಲೆ, ತಿಂಗಳು ತಪ್ಪದೆ ಆ ನರ್ಸ್‌ಗಳ ಹತ್ತಿರ ತಪಾಸಣೆಗೆ ಹೋದಳು, ಅದೇ ಬೂದು ಕಾಲುಚೀಲ ಹಾಕಿಕೊಂಡು, ಹೆಬ್ಬೆರಳಿನ ಹತ್ತಿರದ ತೂತನ್ನು ಕೆಂಪು ದಾರದಲ್ಲಿ ಹೊಲಿದದ್ದು, ಕೈಗೆ ಸಿಕ್ಕಿದ್ದು ಅದೇ ದಾರ ಕಣೇ ಅಂದಿದ್ದಳು, ಏಳು ತಿಂಗಳು, ಏಳು ಸಲ, ಆರಾರು ನಿಮಿಷ, ಯಾರೂ ಆ ಚೀಲ ಬಿಚ್ಚಿಸಲಿಲ್ಲ, ಮರಗಟ್ಟಿದ ಕಾಲು, ನೋವೇ ಇಲ್ಲ, ಒಳಗೆ ಬೆರಳು ಕಪ್ಪಾಗುತ್ತಿದ್ದದ್ದು ಅಮ್ಮನಿಗೂ ತಿಳಿಯಲಿಲ್ಲ, ಆ ನರ್ಸನ್ನ ಬೈಬೇಡ ಕಣೇ, ಪಾಪ, ಪುರುಸೊತ್ತೆಲ್ಲಿ ಅದಕ್ಕೆ, ಅಂದಳು — ಅಮ್ಮಾ, ಪುರುಸೊತ್ತು ಕಿತ್ತುಕೊಂಡವಳು ನಾನೇ, ಇವತ್ತು ಬೆಳಿಗ್ಗೆ ಕಾಲಿನ ಆಪರೇಷನ್‌ಗೆ ಒಳಗೆ ಕರೆದೊಯ್ಯುವಾಗಲೂ ಹೇಳಲು ಬಾಯಿ ಬರಲಿಲ್ಲ, ಹೊದಿಕೆ ಸರಿಮಾಡಿ ಬಂದುಬಿಟ್ಟಳು.

ಮುಂದಿನ ವರ್ಷದ ನರ್ಸ್‌ಗಳ ಪಟ್ಟಿ ನಾಲ್ಕು ಗಂಟೆಗೆ ಸರ್ಕಾರಕ್ಕೆ ಹೋಗಬೇಕು, ಆಸ್ಪತ್ರೆಯಿಂದ ಕಚೇರಿಗೆ ಓಡಿ ಬಂದದ್ದೇ ಆ ಸಾಲನ್ನು ಮತ್ತೆ ಬರೆಯಲು, ಬರೆದಳು, ಸಂಖ್ಯೆ ನಾನೂರ ಮೂವತ್ತಕ್ಕೆ ನೆಗೆಯಿತು, ಬೆನ್ನ ಹಿಂದೆ ಡೈರೆಕ್ಟರ ಕೆಮ್ಮು, ಮತ್ತೆ ಶುರು ಹಚ್ಕೊಂಡ್ಯಾ, ಇದನ್ನ ಕಳಿಸಿದ್ರೆ ಇಡೀ ಪಟ್ಟಿನೇ ವಾಪಸ್ ಬರುತ್ತೆ, ಇರೋರನ್ನೂ ಕಳ್ಕೋತೀವಿ, ಆಮೇಲೆ ಬಿ.ಪಿ. ನೋಡೋಕೂ ಗತಿ ಇರಲ್ಲ — ಅವರು ಹೇಳುವುದು ನಿಜ, ಬರೆದರೆ ಇರುವ ನರ್ಸ್‌ಗಳೂ ಹೋಗುತ್ತಾರೆ, ಅಳಿಸಿದರೆ ಇನ್ನೆಷ್ಟು ಅಮ್ಮಂದಿರೋ, ದೇವರೇ ನಾನೇನು ಮಾಡಲಿ, ಫೋನು, ತಮ್ಮನ ಧ್ವನಿ, ಅಕ್ಕಾ, ಆಯ್ತಂತೆ, ಮೊಣಕಾಲಿನ ಕೆಳಗೆ ತೆಗೆದ್ರಂತೆ, ಅಮ್ಮಂಗೆ ಎಚ್ಚರ ಬಂದಿದೆ, ಚಳಿ ಅಂದ್ಲು, ಕಾಲುಚೀಲ ಹಾಕಿದೆ, ಇನ್ನೊಂದು ಉಳೀತು, ಏನ್ಮಾಡ್ಲಿ ಅದನ್ನ — ಉಳಿದದ್ದು ಯಾವ್ದು, ಹೊಲಿದಿದ್ದಾ, ಹ್ಞೂಂ ಅಕ್ಕಾ, ಅದೇ — ಗಡಿಯಾರ, ಹನ್ನೊಂದನೇ ಸಾಲು, ಅಳಿಸುವ ಗುಂಡಿಯ ಮೇಲೆ ಬೆರಳು, ಒತ್ತಲಾರದು, ಎತ್ತಲಾರದು, ಬೂದು ಕಾಲುಚೀಲ, ಹೆಬ್ಬೆರಳಿನ ಹತ್ತಿರ ಕೆಂಪು ದಾರ, ಕೆಂಪು ದಾರ —