ಟೈರಿನ ಒಳಗಿನ ಅಂಚು

ಪ್ರತಿ ಬೀದಿಯಲ್ಲೂ ಗಾಡಿಗಳ ಬಗ್ಗೆ ಎಲ್ಲವನ್ನೂ ಬಲ್ಲವರು ಒಬ್ಬರಿರುತ್ತಾರೆ. ಯಾರದ್ದಾದರೂ ಸ್ಕೂಟರ್ ಸ್ಟಾರ್ಟ್ ಆಗದಿದ್ದರೆ ಜನ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಅವರ ಮನೆ ಬಾಗಿಲು ತಟ್ಟುತ್ತಾರೆ. ಈ ಬೀದಿಯಲ್ಲಿ ಅಂಥವರು ಬಸ್ಸಿನ ಮಾವ. ದೂರದ ರೂಟಿನ ಬಸ್ಸುಗಳನ್ನು ಓಡಿಸಿ ಓಡಿಸಿ ನಿವೃತ್ತರಾದವರು. ಅವರು ಬಸ್ಸು ಬಿಟ್ಟರೂ ಬಸ್ಸಿನ ಅಭ್ಯಾಸಗಳು ಅವರನ್ನು ಬಿಟ್ಟಿರಲಿಲ್ಲ. ಹೆಂಡತಿಯ ಜೊತೆ ಪೇಟೆಗೆ ಹೊರಟರೂ ಗೇಟಿನ ಹತ್ತಿರ ನಿಂತು "ಆಯ್ತಾ, ಹೊರಡೋಣ್ವಾ" ಎಂದು ಕಂಡಕ್ಟರನನ್ನು ಕೇಳುವ ಧಾಟಿಯಲ್ಲೇ ಕೇಳುತ್ತಿದ್ದರು.

ಆ ಅಭ್ಯಾಸಗಳಲ್ಲಿ ಒಂದು, ಟೈರು ಬಡಿಯುವುದು. ಡಿಪೋದಲ್ಲಿ ಗಾಡಿ ಹೊರಡುವ ಮುನ್ನ ಕಬ್ಬಿಣದ ರಾಡಿನಿಂದ ಒಂದೊಂದೇ ಟೈರನ್ನು ಬಡಿದು, ಶಬ್ದ ಕೇಳಿ, ಗಾಳಿ ಸರಿಯಾಗಿದೆಯೋ ಇಲ್ಲವೋ ಎಂದು ಹೇಳುತ್ತಿದ್ದರು. ಅವರ ಕಿವಿಯ ಮೇಲೆ ಡಿಪೋದವರಿಗೆಲ್ಲ ಭರವಸೆ. ಈಗ ಕೈಯಲ್ಲಿ ರಾಡು ಇರಲಿಲ್ಲ, ಮುಷ್ಟಿಯಿತ್ತು. ಬೀದಿಯಲ್ಲಿ ಯಾರ ಕಾರು ನಿಂತಿದ್ದರೂ ಹಾದುಹೋಗುವಾಗ ಟೈರಿಗೆ ಒಂದು ಗುದ್ದು ಬಿದ್ದೇ ಬೀಳುತ್ತಿತ್ತು.

ಅವರ ಮಗಳು ಕಣ್ಣಿನ ಡಾಕ್ಟರು. ಚಿಕ್ಕವಳಿದ್ದಾಗ ರಜೆ ಬಂದರೆ ಸಾಕು, ಅಪ್ಪನ ಬಸ್ಸಿನ ಬಾನೆಟ್ ಪಕ್ಕದಲ್ಲೇ ಆಕೆಯ ಸವಾರಿ. ಗಾಡಿಯ ಹುಚ್ಚು ಹತ್ತಿದ್ದು ಅಲ್ಲಿಂದಲೇ ಎಂದು ಅಮ್ಮ ಈಗಲೂ ದೂರುತ್ತಾರೆ. ನಲವತ್ತು ದಾಟಿದ ಮೇಲೆ ಆಕೆ ಆ ಆಸೆ ತೀರಿಸಿಕೊಂಡಳು. ಸೆಕೆಂಡ್ ಹ್ಯಾಂಡ್ ಆದರೂ ಸರಿಯೆಂದು ಬೂದು ಬಣ್ಣದ ಒಂದು ಸ್ಪೋರ್ಟ್ಸ್ ಕಾರು ತಂದಳು. ಎರಡೇ ಸೀಟು. ನೆಲಕ್ಕೆ ಅಂಟಿಕೊಂಡಂಥ ಮೈ. ಆಕ್ಸಿಲರೇಟರ್ ಒತ್ತಿದರೆ ಬೆನ್ನು ಹೋಗಿ ಸೀಟಿಗೆ ಒರಗುವಷ್ಟು ಶಕ್ತಿ.

ಮಗಳಿಗೆ ಆಸ್ಪತ್ರೆಯಿಂದ ಪುರುಸೊತ್ತಿಲ್ಲ. ಹಾಗಾಗಿ ಕಾರಿನ ಆರೈಕೆಯೆಲ್ಲ ಮಾವನ ಪಾಲಿಗೆ ಬಂತು. ಪಾಲಿಗೆ ಬಂತು ಎನ್ನುವುದಕ್ಕಿಂತ ಅವರೇ ಕಿತ್ತುಕೊಂಡರು ಎಂದರೆ ಸರಿಯಾದೀತು. ದಿನಾ ಒರೆಸುವುದು, ವಾರಕ್ಕೊಮ್ಮೆ ತೊಳೆಯುವುದು, ಟೈರುಗಳ ಪಕ್ಕಕ್ಕೆ ಕಪ್ಪು ಪಾಲಿಶ್ ಹಚ್ಚಿ ಮಿರಮಿರ ಮಿಂಚಿಸುವುದು. ಕೊನೆಗೆ ನಾಲ್ಕೂ ಟೈರಿಗೆ ಒಂದೊಂದು ಗುದ್ದು ಕೊಟ್ಟು "ಕಲ್ಲಿನ ಹಾಗಿದೆ" ಎಂದು ಸರ್ಟಿಫಿಕೇಟ್ ಕೊಡುವುದು.

ಹಿಂಬದಿಯ ಟೈರುಗಳು ಸವೆದು ಮುಗಿಯುತ್ತ ಬಂದಿವೆ, ಬೇಗ ಬದಲಾಯಿಸಿ ಎಂದು ಸರ್ವಿಸ್ ಸೆಂಟರಿನವರು ಮಗಳಿಗೆ ಹೇಳಿದ್ದರು. ಮಗಳು ಬಂದು ಅಪ್ಪನನ್ನು ಕೇಳಿದಳು. ಅಪ್ಪ ನಕ್ಕು, ಟೈರು ಚೆನ್ನಾಗಿಯೇ ಇದೆ, ಇನ್ನೂ ಎರಡು ವರ್ಷ ಆರಾಮಾಗಿ ಓಡುತ್ತೆ ಎಂದರು. ಮಗಳು ಮತ್ತೆ ಪ್ರಶ್ನೆ ಮಾಡಲಿಲ್ಲ. ಬುದ್ಧಿ ತಿಳಿದಾಗಿನಿಂದ ಅಪ್ಪನ ಗಾಡಿಯಲ್ಲಿ ಕಣ್ಣು ಮುಚ್ಚಿ ನಿದ್ದೆ ಮಾಡಿದವಳು ಆಕೆ.

ಮಳೆಗಾಲ ಶುರುವಾಗಿತ್ತು. ಅಮ್ಮನ ಅಕ್ಕ ಇರುವುದು ದೂರದ ಊರಿನಲ್ಲಿ, ಹೆದ್ದಾರಿಯಲ್ಲಿ ಅರ್ಧ ದಿನದ ದಾರಿ. ಆ ಭಾನುವಾರ ಅಮ್ಮನನ್ನು ತನ್ನ ಕಾರಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋಗುವುದೆಂದು ಮಗಳು ತೀರ್ಮಾನಿಸಿದ್ದಳು. ಇಷ್ಟು ದಿನ "ಆ ಗಾಡಿಯಲ್ಲಿ ಕೂರಬೇಕಾದ್ರೆ ಮೊದಲು ಮಲಗಬೇಕು" ಎಂದು ತಪ್ಪಿಸಿಕೊಳ್ಳುತ್ತಿದ್ದ ಅಮ್ಮ ಈ ಸಲ ಒಪ್ಪಿದ್ದರು. ಶನಿವಾರ ಬೆಳಿಗ್ಗೆಯೇ ಮೆಟ್ಟಿಲ ಮೇಲೆ ಕೂತು, ತೆಗೆದುಕೊಂಡು ಹೋಗುವ ಬಟ್ಟೆಗಳನ್ನು ಮಡಿಸುತ್ತಿದ್ದರು.

ಆ ಹೊತ್ತಿಗೆ ಪಕ್ಕದ ಮನೆಯ ಸರ್ವೇಯರಕ್ಕ ಏಣಿ ವಾಪಸ್ ಕೊಡಲು ಬಂದಳು. ಆಕೆ ಇನ್ಶೂರೆನ್ಸ್ ಕಂಪನಿಯಲ್ಲಿ ಸರ್ವೇಯರ್. ಅಪಘಾತವಾದ ಕಾರುಗಳನ್ನು ನೋಡಿ, ಏನಾಯಿತು, ಯಾಕಾಯಿತು ಎಂದು ವರದಿ ಬರೆಯುವುದು ಆಕೆಯ ಕೆಲಸ. ಏಣಿಯನ್ನು ಗೋಡೆಗೆ ಒರಗಿಸಿ, ಕಾರಿನ ಹಿಂದೆ ನಿಂತವಳು ಅಲ್ಲೇ ನಿಂತುಬಿಟ್ಟಳು. ಈ ಟೈರು ಹಾಕಿಸಿ ಎಷ್ಟು ಓಡಿದೆ ಎಂದು ಕೇಳಿದಳು. ಇಪ್ಪತ್ತು ಸಾವಿರ ಕಿಲೋಮೀಟರ್ ಹತ್ತಿರ ಆಗಿರಬಹುದು, ಅದೇನು ಮಹಾ ಎಂದರು ಮಾವ.

ಹಾಗಾದರೆ ಇವು ಮುಗಿದಿರಬೇಕು ಎಂದಳು ಆಕೆ. ಸರ್ವಿಸ್ ಸೆಂಟರಿನವರ ಗಾಳಿ ನಿನಗೂ ಬಡಿಯಿತಾ ಎಂದು ಮಾವ ರೇಗಿಸಿದರು. ನಮ್ಮ ಹಳೇ ಕಾರಿನ ಟೈರು ಐವತ್ತು ಸಾವಿರ ಓಡಿತ್ತು, ಬಸ್ಸಿನ ಟೈರಿಗಂತೂ ಮೇಲೆ ಹೊಸ ರಬ್ಬರು ಕೂರಿಸಿ ಮತ್ತೆ ಮತ್ತೆ ಓಡಿಸುತ್ತಿದ್ದೆವು ಎಂದರು. ಆಮೇಲೆ ತಮ್ಮ ಮುಖ್ಯ ವಾದಕ್ಕೆ ಬಂದರು.

"ಇದು ಮಾಮೂಲಿ ಟೈರಲ್ಲ ಕಣಮ್ಮ. ಅಷ್ಟು ದುಬಾರಿ ಟೈರು ಇಷ್ಟು ಬೇಗ ಸವೆದುಹೋಗುತ್ತಾ?"

"ಸವೆಯುತ್ತೆ ಮಾವ. ದುಡ್ಡು ಕೊಟ್ಟಿರೋದು ಹಿಡಿತಕ್ಕೆ, ಬಾಳಿಕೆಗಲ್ಲ. ಶಾಲೆ ಮಕ್ಕಳ ರಬ್ಬರ್ ನೋಡಿ. ಗಟ್ಟಿ ರಬ್ಬರು ತುಂಬಾ ದಿನ ಬರುತ್ತೆ, ಸರಿಯಾಗಿ ಅಳಿಸಲ್ಲ. ಮೆತ್ತಗಿರೋದು ಚೆನ್ನಾಗಿ ಅಳಿಸುತ್ತೆ, ಬೇಗ ಕರಗುತ್ತೆ. ಇದೂ ಅಂಥದ್ದೇ."

ಎಂಜಿನ್ನಿನ ಅಷ್ಟೂ ಶಕ್ತಿ ಈ ಕಾರಿನಲ್ಲಿ ಹಿಂದಿನ ಎರಡು ಚಕ್ರಗಳ ಮೇಲೆ ಬೀಳುತ್ತದೆ, ವೇಗವಾಗಿ ಹೊರಟಾಗಲೆಲ್ಲ ಒಂದಿಷ್ಟು ರಬ್ಬರನ್ನು ರಸ್ತೆಗೆ ಬಿಟ್ಟೇ ಹೋಗುತ್ತದೆ ಎಂದು ಆಕೆ ವಿವರಿಸಿದಳು. ಇಂಥ ಕಾರುಗಳ ಹಿಂದಿನ ಟೈರು ಹದಿನೈದು ಇಪ್ಪತ್ತು ಸಾವಿರಕ್ಕೇ ಮುಗಿದರೂ ಆಶ್ಚರ್ಯಪಡಬೇಕಿಲ್ಲ, ಜೋರಾಗಿ ಓಡಿಸುವವರ ಕೈಯಲ್ಲಿ ಅದಕ್ಕೂ ಮೊದಲೇ ಮುಗಿಯುತ್ತದೆ ಎಂದಳು. ಮುಷ್ಟಿಯ ಗುದ್ದಿಗೂ ಇಲ್ಲಿ ಬೆಲೆಯಿಲ್ಲ. ಈ ಟೈರುಗಳ ಪಕ್ಕದ ಗೋಡೆ ಗಿಡ್ಡ, ಬಹಳ ಗಟ್ಟಿ. ಒಳಗೆ ಗಾಳಿ ಕಡಿಮೆಯಿದ್ದರೂ ಗುದ್ದಿದರೆ ಗೊತ್ತಾಗುವುದಿಲ್ಲ, ಗೇಜ್ ಇಟ್ಟೇ ನೋಡಬೇಕು.

ಮಾವನಿಗೆ ಇದು ಹಿಡಿಸಲಿಲ್ಲ. ಜೀವನವಿಡೀ ಕಿವಿಯನ್ನು ನಂಬಿದವರಿಗೆ ಗೇಜು ನೋಡಿ ಎಂದರೆ ಹೇಗನಿಸಬೇಡ. ಟೈರಿನ ಹೊರಗಿನ ಅಂಚನ್ನು ತೋರಿಸಿ, ಗೆರೆಗಳು ಎಷ್ಟು ಆಳವಾಗಿವೆ ಕಣ್ಣುಬಿಟ್ಟು ನೋಡು ಎಂದರು. ಅದು ನಿಜವೂ ಆಗಿತ್ತು. ಹೊರಗಡೆ ಗೆರೆಗಳು ಚೆನ್ನಾಗಿಯೇ ಕಾಣುತ್ತಿದ್ದವು.

"ಒಳಗಿನ ಅಂಚು ನೋಡಿದೀರಾ ಮಾವ?"

"ನೋಡಿದೀನಲ್ಲ," ಎಂದರು ಮಾವ. ಹೇಳುವಾಗ ಆಕೆಯ ಮುಖ ನೋಡಲಿಲ್ಲ.

ಮೆಟ್ಟಿಲ ಮೇಲಿದ್ದ ಹೆಂಡತಿ ಬಟ್ಟೆ ಮಡಿಸುವುದನ್ನು ನಿಲ್ಲಿಸಿದರು. "ಎಲ್ಲಿ ನೋಡ್ತಾರೆ. ಬಗ್ಗೋಕೆ ಮಂಡಿ ಬಿಡಬೇಕಲ್ಲ. ಚಪ್ಪಲಿ ಹಾಕ್ಕೊಳೋಕೇ ಗೋಡೆ ಹಿಡೀತಾರೆ ಇವರು," ಎಂದರು. ಹಂಗಿಸಲು ಹೇಳಿದ ಮಾತಲ್ಲ ಅದು. ಎಷ್ಟೋ ದಿನದಿಂದ ನೋಡಿಕೊಂಡು ಸುಮ್ಮನಿದ್ದವರು ಹೇಳಿದ ಮಾತು.

ಮಾವನ ಮೇಲೆ ಇಲ್ಲಿ ಯಾರೂ ಸಿಟ್ಟಾಗಬೇಡಿ. ಬಸ್ಸಿನ ಅಡಿಗೆ ತೆವಳಿಕೊಂಡು ಹೋಗಿ ಬರುತ್ತಿದ್ದ ಮನುಷ್ಯ, ಈಗ ನನ್ನ ಕೈಲಿ ಬಗ್ಗಲು ಆಗುತ್ತಿಲ್ಲ ಎಂದು ಮಗಳ ಮುಂದೆ ಹೇಳುವುದು ಸುಲಭವೇ? ಆ ಕಾರಾದರೋ ನೆಲಕ್ಕೇ ಅಂಟಿಕೊಂಡಿದೆ. ಟೈರಿನ ಒಳಬದಿ ಕಾಣಬೇಕಾದರೆ ನೆಲದ ಮೇಲೆ ಮಲಗಬೇಕು. ಮಾವ ಕಂಡಷ್ಟನ್ನು ನೋಡಿದರು, ಕಾಣದ್ದನ್ನು ಸರಿಯಿದೆ ಎಂದುಕೊಂಡರು. ಅಪ್ಪ ಎಲ್ಲವನ್ನೂ ನೋಡಿದ್ದಾರೆ ಎಂದು ಮಗಳು ಅಂದುಕೊಂಡಳು.

ಸರ್ವೇಯರಕ್ಕ ಆ ಮಾತನ್ನು ಬೆಳೆಸಲಿಲ್ಲ. ತಿರುವಿನಲ್ಲಿ ಹಿಡಿತ ಸಿಗಲೆಂದು ಇಂಥ ಕಾರುಗಳ ಚಕ್ರಗಳನ್ನು ಮೇಲ್ಗಡೆ ಸ್ವಲ್ಪ ಒಳಕ್ಕೆ ವಾಲಿಸಿ ಕೂರಿಸಿರುತ್ತಾರೆ, ಅದರಿಂದ ಒಳಗಿನ ಅಂಚೇ ಮೊದಲು ಸವೆಯುತ್ತದೆ ಎಂದಷ್ಟೇ ಹೇಳಿದಳು. ಹಿಂದಿನ ಚಕ್ರದ ಬಳಿ ಒಂದು ಗಿಡ್ಡ ಸ್ಟೂಲು ತಂದಿಟ್ಟಳು. ಮಾವ ಆಕೆಯ ಭುಜ ಹಿಡಿದು ಕೂತರು. ಕಾರು ನಿನ್ನೆಯಿಂದ ನಿಂತೇ ಇತ್ತು, ಟೈರು ತಣ್ಣಗಿತ್ತು. ಚಕ್ರದ ಹಿಂಬದಿಯಿಂದ ಕೈ ಹಾಕಿ ಮೆಲ್ಲಗೆ ಮುಟ್ಟಿ ನೋಡಿ, ಟೈರಿನೊಳಗಿನ ತಂತಿ ಹೊರಬಂದಿದ್ದರೆ ಚುಚ್ಚೀತು, ಒತ್ತಬೇಡಿ ಎಂದಳು.

ಮಾವ ಹೊರಗಿನಿಂದ ಶುರುಮಾಡಿದರು. ಗೆರೆ ಸಿಕ್ಕಿತು, ಇನ್ನೊಂದು ಗೆರೆ ಸಿಕ್ಕಿತು. ನೋಡಿದೆಯಾ ಎನ್ನುವ ಹಾಗೆ ತಲೆಯಾಡಿಸಿದರು. ಕೈ ಒಳಕ್ಕೆ ಹೋದಂತೆ ಗೆರೆ ತೆಳುವಾಯಿತು. ಆಮೇಲೆ ಗೆರೆಯೇ ಇಲ್ಲ, ಬರೀ ನುಣುಪು. ಅಂಚಿನ ಹತ್ತಿರ ಬೆರಳಿಗೆ ಒರಟು ಗೋಣಿಬಟ್ಟೆಯಂಥದ್ದು ತಗುಲಿತು. ಅದೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರಬ್ಬರೆಲ್ಲ ಮುಗಿದು ಟೈರಿನ ಒಳಗಿನ ನೂಲಿನ ಪದರವೇ ಹೊರಬಂದಿತ್ತು.

ಕೈ ಹೊರತೆಗೆದು ಮಾವ ಮೆಟ್ಟಿಲ ಮೇಲೆ ಮಡಿಸಿಟ್ಟ ಬಟ್ಟೆಗಳ ಕಡೆ ನೋಡಿದರು.

"ನಾಳೆ ನನ್ನ ಹೆಂಡತಿ, ಮಗಳು ಇಬ್ಬರೂ ಇದರ ಮೇಲೆ ಹೋಗ್ತಿದ್ರು. ನಾನೇ ಹೋಗಿಬನ್ನಿ ಅಂತ ಕಳಿಸ್ತಿದ್ದೆ," ಎಂದರು.

ಮಳೆಯಲ್ಲಿ ಏನಾಗುತ್ತದೆ ಎಂದು ಕೇಳಿದ್ದು ಅವರ ಹೆಂಡತಿ. ಟೈರಿನ ಗೆರೆಗಳಿರುವುದೇ ನೀರನ್ನು ಆಚೆ ತಳ್ಳುವುದಕ್ಕೆ, ಗೆರೆ ಇಲ್ಲದಿದ್ದರೆ ವೇಗದಲ್ಲಿ ಟೈರು ರಸ್ತೆಯನ್ನು ಬಿಟ್ಟು ನೀರಿನ ಮೇಲೆ ತೇಲುತ್ತದೆ, ಆಗ ಸ್ಟೀರಿಂಗೂ ಕೇಳುವುದಿಲ್ಲ, ಬ್ರೇಕೂ ಕೇಳುವುದಿಲ್ಲ ಎಂದಳು ಸರ್ವೇಯರಕ್ಕ. ನೂಲು ಕಂಡ ಟೈರಿಗೆ ಮಳೆಯೂ ಬೇಕಿಲ್ಲ, ಒಣ ರಸ್ತೆಯಲ್ಲೇ ಒಡೆದುಹೋಗಬಹುದು. ಅಂಥ ಕಾರುಗಳನ್ನು ಆಕೆ ಕೆಲಸದಲ್ಲಿ ನೋಡಿದ್ದಳು. ಅವುಗಳ ಒಳಗಿದ್ದವರ ಬಗ್ಗೆ ಆಕೆ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಬಂದದ್ದು ಬಂದೆ ಎಂದು ಆಕೆ ಮುಂದಿನ ಟೈರುಗಳನ್ನೂ ನೋಡಿದಳು. ಅವುಗಳಲ್ಲಿ ಗೆರೆ ಬೇಕಾದಷ್ಟಿತ್ತು. ಆದರೆ ಪಾಲಿಶ್ ಒರೆಸಿದಾಗ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡವು. ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ್ದ ನಾಲ್ಕು ಅಂಕಿಗಳನ್ನು ತೋರಿಸಿದಳು. ಮೊದಲೆರಡು ಅಂಕಿ ತಯಾರಾದ ವಾರ, ಕೊನೆಯೆರಡು ವರ್ಷ. ಲೆಕ್ಕ ಹಾಕಿದರೆ ಎಂಟು ವರ್ಷ ಹಳೆಯದು. ಕಾರಿನ ಹಳೆಯ ಮಾಲೀಕನ ಕಾಲದ ಟೈರು ಅದು. ರಬ್ಬರು ನಿಂತಲ್ಲೇ ನಿಂತರೂ ಮುದಿಯಾಗುತ್ತದೆ, ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆಯಾದರೂ ತಿಳಿದವರಿಗೆ ತೋರಿಸಬೇಕು, ಹೀಗೆ ಬಿರುಕು ಬಿಟ್ಟರೆ ಬದಲಾಯಿಸಲೇಬೇಕು ಎಂದಳು.

ಮಧ್ಯಾಹ್ನ ಮಗಳು ಆಸ್ಪತ್ರೆಯಿಂದ ಬಂದಾಗ ಅಪ್ಪ ಇನ್ನೂ ಆ ಸ್ಟೂಲಿನ ಮೇಲೇ ಕೂತಿದ್ದರು. ನೋಡದೆಯೇ ಚೆನ್ನಾಗಿದೆ ಎಂದೆ, ತಪ್ಪಾಯಿತು ಎಂದು ನೇರವಾಗಿ ಹೇಳಿದರು. ಮಗಳು ಬಗ್ಗಿ ನೋಡಿದಳು. ಆಕೆಗೂ ನೂಲು ಕಂಡಿತು. ಆದರೂ ಅಮ್ಮ ಬಟ್ಟೆ ಕಟ್ಟಿಕೊಂಡು ಕೂತಿರುವುದನ್ನು ನೋಡಿ ಮನಸ್ಸು ತಡೆಯಲಿಲ್ಲ. ಇದೊಂದು ಸಲ ನಿಧಾನವಾಗಿ ಹೋಗಿ ಬರುತ್ತೇನೆ, ಬಂದ ತಕ್ಷಣ ಹಾಕಿಸುತ್ತೇನೆ ಎಂದಳು.

"ಇಲ್ಲ. ಟೈರು ಸರಿಯಿಲ್ಲ ಅಂದ್ರೆ ಗಾಡಿ ಡಿಪೋ ಬಿಟ್ಟು ಹೊರಗೆ ಹೋಗಲ್ಲ. ಕೀ ನನ್ನ ಹತ್ರ ಇದೆ, ಕೊಡಲ್ಲ," ಎಂದರು ಅಪ್ಪ. ಜೋರು ಮಾಡಲಿಲ್ಲ. ಮಗಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅವರ ಮಂಡಿಯ ಮೇಲೆ ಕೈಯಿಟ್ಟಳು. ನೋವಿದೆಯೆಂದು ಯಾಕೆ ಹೇಳಲಿಲ್ಲ ಎಂದು ಕೇಳಿದಳು.

ಅಮ್ಮ ಫೋನ್ ತೆಗೆದುಕೊಂಡು ಅಕ್ಕನಿಗೆ ಮುಂದಿನ ವಾರ ಬರುತ್ತೇನೆಂದು ಹೇಳಿ, ಬಟ್ಟೆಗಳನ್ನು ಒಳಗಿಟ್ಟರು.

ಸೋಮವಾರ ಕಾರು ಟೈರಂಗಡಿಗೆ ಹೋದದ್ದು ಲಾರಿಯ ಬೆನ್ನ ಮೇಲೆ. ನಾಲ್ಕೂ ಟೈರು ಹೊಸದಾದವು, ಚಕ್ರಗಳ ಅಲೈನ್‌ಮೆಂಟೂ ಆಯಿತು. ಬಿಚ್ಚಿಟ್ಟ ಹಳೇ ಟೈರನ್ನು ಮಗಳು ತಿರುಗಿಸಿ ನೋಡಿದಳು. ಹೊರಗಿನಿಂದ ನೋಡಿದರೆ ಇನ್ನೂ ಎರಡು ವರ್ಷ ಓಡುವ ಟೈರು, ಒಳಗಿನಿಂದ ನೋಡಿದರೆ ಮೈಯೆಲ್ಲ ಹರಿದ ಟೈರು. ಹೊಸ ಟೈರು ಸ್ವಲ್ಪ ಪಳಗುವವರೆಗೆ ಜಾರುತ್ತದೆ, ಮೊದಲ ಕೆಲವು ದಿನ ಮೆತ್ತಗೆ ಓಡಿಸಿ ಎಂದು ಅಂಗಡಿಯವರು ಎಚ್ಚರಿಸಿದರು.

ಮನೆಗೆ ಬಂದ ಮೇಲೆ ಮಾವನಿಗೆ ಸುಮ್ಮನಿರಲಾಗಲಿಲ್ಲ. ಇಷ್ಟೆಲ್ಲ ಖರ್ಚು ಮಾಡಿ ಇವೂ ಅಷ್ಟೇ ದಿನ ಬರುವುದಾ ಎಂದು ಸರ್ವೇಯರಕ್ಕನನ್ನು ಕೇಳಿದರು. ಉತ್ತರ ಕೊಟ್ಟದ್ದು ಅವರ ಹೆಂಡತಿ.

"ಟೈರು ಎಷ್ಟು ದಿನ ಬಂತು ಅಂತ ಯಾಕ್ರೀ ಲೆಕ್ಕ ಹಾಕ್ತೀರಾ. ಹೋದೋರು ಮನೆಗೆ ಬಂದ್ರಾ ಅಂತ ನೋಡಿ."

ಮುಂದಿನ ಭಾನುವಾರ ಸಣ್ಣ ಮಳೆಯಲ್ಲಿ ತಾಯಿ ಮಗಳು ಹೊರಟರು. ಹೊರಡುವ ಮುನ್ನ ಮಗಳು ಗೇಜ್ ಇಟ್ಟು ನಾಲ್ಕೂ ಟೈರಿನ ಗಾಳಿ ನೋಡಿದಳು, ಬಗ್ಗಿ ಒಳಗಿನ ಅಂಚು ನೋಡಿ ಏನು ಕಂಡಿತೆಂದು ಅಪ್ಪನಿಗೆ ಹೇಳಿದಳು. ಅಪ್ಪ ಸ್ಟೂಲಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡು, ಆಮೇಲೆ ಕೀ ಕೊಟ್ಟರು. ಸಂಜೆ ಇಬ್ಬರೂ ತಲುಪಿದ ಸುದ್ದಿ ಬರುವವರೆಗೆ ಅವರು ಫೋನನ್ನು ಕೈಯಿಂದ ಕೆಳಗಿಡಲಿಲ್ಲ.

ಇದನ್ನು ಓದುತ್ತಿರುವ ನಿಮ್ಮ ಮನೆಯ ಮುಂದೆಯೂ ಒಂದು ಕಾರು ನಿಂತಿರಬಹುದು. ಅದು ಶಕ್ತಿಶಾಲಿ ಕಾರಾದರೆ, ದುಬಾರಿ ಟೈರು ಹೆಚ್ಚು ದಿನ ಬರುತ್ತದೆಂಬ ನಂಬಿಕೆಯನ್ನು ಇವತ್ತೇ ಬಿಡಿ. ತಿಂಗಳಿಗೊಮ್ಮೆ, ಟೈರು ತಣ್ಣಗಿರುವಾಗ, ಗಾಳಿ ಅಳೆಯಿರಿ. ಗೆರೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರಿನ ದಿಬ್ಬಗಳಿರುತ್ತವೆ, ಟೈರಿನ ಮೈ ಸವೆದು ಆ ದಿಬ್ಬಗಳ ಮಟ್ಟಕ್ಕೆ ಬಂದರೆ ಅದರ ಕಥೆ ಮುಗಿಯಿತು ಎಂದೇ ತಿಳಿಯಿರಿ. ಪಕ್ಕದ ನಾಲ್ಕು ಅಂಕಿ ಓದಿ ಅದರ ವಯಸ್ಸು ತಿಳಿದುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ ಒಳಗಿನ ಅಂಚು ನೋಡಿ. ನಿಮಗೆ ಬಗ್ಗಲು ಆಗದಿದ್ದರೆ ಬಗ್ಗಬಲ್ಲವರನ್ನು ಕರೆಯಿರಿ. ನಾನು ನೋಡಿಲ್ಲ ಎಂದು ಹೇಳಲು ನಾಚಿಕೆ ಬೇಡ. ಆ ಕಾರಿನಲ್ಲಿ ಕೂರುವವರು ಟೈರು ನೋಡಿ ಕೂರುವುದಿಲ್ಲ, ನಿಮ್ಮ ಮಾತು ನಂಬಿ ಕೂರುತ್ತಾರೆ.