ಜಡೆಯ ಮರುದಿನ

ಮಗಳನ್ನು ಶಾಲೆಯಿಂದ ಒಂದು ದಿನ ಹೊರಗಿಟ್ಟಿದ್ದರು. ತಾಯಿಗೂ ಅವತ್ತೇ ರಜೆ. ಆದರೆ ಅದು ಮಗಳ ಸಲುವಾಗಿ ಹಾಕಿದ ರಜೆಯಲ್ಲ. ಬಾಕಿ ಉಳಿದ ಕೆಲಸಗಳನ್ನೆಲ್ಲ ಒಂದೇ ಏಟಿಗೆ ಮುಗಿಸಿಬಿಡಬೇಕೆಂದು ಲ್ಯಾಬಿನಲ್ಲಿ ಕಾಡಿ ಬೇಡಿ ಪಡೆದದ್ದು. ಆಕೆ ದಿನವೂ ಬೆಳಗ್ಗೆ ಸಾಲುಗಟ್ಟಿ ಕೂತವರ ತೋಳಿಗೆ ಪಟ್ಟಿ ಬಿಗಿದು ರಕ್ತ ತೆಗೆಯುವವಳು. ಯಾರಾದರೂ ಕೈ ಎಳೆದುಕೊಂಡರೆ "ಸುಮ್ಮನಿರಿ" ಎಂದು ಗದರುವುದು ಅವಳಿಗೆ ಅಭ್ಯಾಸವಾಗಿ ಹೋಗಿತ್ತು. ಮನೆಯಲ್ಲೂ ಅದೇ ದನಿ.

ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂಬದಿಯಲ್ಲಿ ಪಟ್ಟಿ ಬರೆದಿದ್ದಳು. ಮಿಕ್ಸಿ ರಿಪೇರಿ, ನೀರಿನ ಬಿಲ್ಲು, ಅತ್ತೆಯ ಕಣ್ಣಿನ ಡ್ರಾಪ್ಸ್, ಹಿಟ್ಟಿನ ಗಿರಣಿ, ಬಚ್ಚಲಿನ ನಲ್ಲಿಗೆ ವಾಷರ್. ಹಿಂದಿನ ದಿನ ಹೆಡ್‌ಮೇಡಂ ಫೋನ್ ಮಾಡಿದ ಮೇಲೆ ಇನ್ನೊಂದು ಕೆಲಸ ಸೇರಿತು: ಗೊಂಬೆಯ ಮನೆಗೆ ಹೋಗಿ ಕ್ಷಮೆ ಕೇಳುವುದು.

ಗೊಂಬೆ ಎಂದರೆ ಮಗಳ ಗೆಳತಿ. ದುಂಡು ಮುಖ, ಸೊಂಟದವರೆಗೆ ಜಡೆ. ಇಬ್ಬರೂ ಒಂಬತ್ತನೇ ಕ್ಲಾಸು. ಮಗಳಿಗೆ ಅಜ್ಜಿ ಇಟ್ಟ ಹೆಸರು ಕಿಡಿ. ಕ್ರಾಫ್ಟ್ ಪೀರಿಯಡ್ಡಿನಲ್ಲಿ ರಟ್ಟು ಕತ್ತರಿಸಲೆಂದು ಕೊಟ್ಟ ಕತ್ತರಿಯಿಂದ, ಮುಂದಿನ ಬೆಂಚಿನಲ್ಲಿ ಕೂತಿದ್ದ ಗೊಂಬೆಯ ಜಡೆಯನ್ನು ಕಿಡಿ ಕುತ್ತಿಗೆಯ ಹತ್ತಿರಕ್ಕೆ ಕತ್ತರಿಸಿ ಹಾಕಿದ್ದಳು. ಯಾಕೆ ಎಂದು ಎಷ್ಟು ಕೇಳಿದರೂ ಬಾಯಿ ಬಿಟ್ಟಿರಲಿಲ್ಲ.

"ಗೊಂಬೆಯ ಮನೆಯವರು ಒಪ್ಪಿಕೊಂಡರೆ ಸರಿ. ಇಲ್ಲಾಂದ್ರೆ ಟಿ.ಸಿ. ಕೊಡಬೇಕಾಗುತ್ತೆ," ಎಂದಿದ್ದರು ಹೆಡ್‌ಮೇಡಂ.

ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ ಗಂಡನನ್ನು ತಾಯಿ ಎಬ್ಬಿಸಿದಳು. "ಸಂಜೆ ನೀವೂ ಬನ್ನಿ."

"ನೀನೇ ನೋಡ್ಕೋ. ಹೆಂಗಸರ ವಿಷಯ," ಎಂದು ಅವನು ಮುಸುಕೆಳೆದುಕೊಂಡ.

"ಮಗಳು ಫಸ್ಟ್ ಬಂದರೆ ನಿಮ್ಮ ವಿಷಯ, ಮರ್ಯಾದೆ ಹೋದರೆ ಹೆಂಗಸರ ವಿಷಯ!" ಎಂದು ಅವಳು ಬಾಗಿಲನ್ನು ಧಡಾರನೆ ಎಳೆದಳು. ಒಳಗಿನ ಕೋಣೆಯಿಂದ ಅತ್ತೆ, "ಬಾಗಿಲು ಏನು ಮಾಡ್ತಮ್ಮ ನಿನಗೆ? ಅದನ್ನೂ ರಿಪೇರಿ ಪಟ್ಟಿಗೆ ಸೇರಿಸ್ಕೋ," ಎಂದರು.

ಮಗಳನ್ನು ಮನೆಯಲ್ಲಿ ಬಿಟ್ಟರೆ ಹಾಯಾಗಿ ಬಿದ್ದುಕೊಂಡಿರುತ್ತಾಳೆ ಎಂದು ತಾಯಿ ಅವಳನ್ನು ಜೊತೆಗೇ ಹೊರಡಿಸಿದಳು. ಮಿಕ್ಸಿಯನ್ನೂ ಗೋಧಿಯ ಡಬ್ಬವನ್ನೂ ಅವಳಿಗೇ ಹೊರಿಸಿದಳು. "ಶಿಕ್ಷೆ ಅಂತ ಕಳಿಸಿದ್ದಾರೆ, ಹಬೆಯಾಡೋ ಕಾಫಿ ಕುಡಿದುಕೊಂಡು ಟಿ.ವಿ. ನೋಡಲಿ ಅಂತ ಅಲ್ಲ."

"ನಾನೇನೂ ನೋಡ್ತೀನಿ ಅಂದಿಲ್ಲ."

"ಎದುರು ಮಾತಾಡಬೇಡ."

"ಮಾತಾಡಿಲ್ಲ ಅಂದ್ರೂ ತಪ್ಪು, ಮಾತಾಡಿದ್ರೂ ತಪ್ಪು."

ಮಿಕ್ಸಿ ಅಂಗಡಿಯವನು ಹಳೆಯ ಪರಿಚಯ. ಜಾರಿನ ತಳ ತಿರುಗಿಸಿ ನೋಡುತ್ತ ಸಹಜವಾಗಿ ಕೇಳಿದ. "ಏನಮ್ಮ, ಇವತ್ತು ಸ್ಕೂಲ್ ಇಲ್ವಾ?"

ಮಗಳು ಬಾಯಿ ತೆರೆಯುವ ಮೊದಲೇ ತಾಯಿ ಹೇಳಿದಳು. "ಇವಳು ಸ್ಕೂಲಲ್ಲಿ ಕ್ಷೌರದ ಅಂಗಡಿ ಇಟ್ಟಿದ್ದಾಳೆ. ನಿನ್ನೆ ಮೊದಲ ಗಿರಾಕಿ."

ಅಂಗಡಿಯಲ್ಲಿದ್ದ ಇನ್ನಿಬ್ಬರು ನಕ್ಕರು. ಮಗಳ ಕಿವಿ ಕೆಂಪಾಯಿತು. ಅವಳು ಹೊರಗೆ ಹೋಗಿ ಬೀದಿಗೆ ಮುಖಮಾಡಿ ನಿಂತಳು. ತಾಯಿಗೆ ಆ ಮಾತು ಸ್ವಲ್ಪ ಹೆಚ್ಚಾಯಿತು ಅನಿಸಿದರೂ ಹಿಂತೆಗೆದುಕೊಳ್ಳುವ ಹೊತ್ತು ಅದಲ್ಲ ಎಂದುಕೊಂಡಳು.

ನೀರಿನ ಬಿಲ್ಲಿನ ಕೌಂಟರಿನಲ್ಲಿ ಸಾಲು ಹನುಮಂತನ ಬಾಲದ ಹಾಗಿತ್ತು. ಔಷಧಿ ಅಂಗಡಿಯಲ್ಲಿ ಅತ್ತೆಯ ಡ್ರಾಪ್ಸ್ ಇರಲಿಲ್ಲ, ಇನ್ನೊಂದು ಅಂಗಡಿಗೆ ಹೋಗಬೇಕಾಯಿತು. ಈ ಸುತ್ತಾಟದಲ್ಲೆಲ್ಲ ಮಗಳು ನಾಲ್ಕು ಹೆಜ್ಜೆ ಹಿಂದೆಯೇ ಬಂದಳು. ನಿಂತರೆ ನಿಲ್ಲುತ್ತಿದ್ದಳು, ನಡೆದರೆ ನಡೆಯುತ್ತಿದ್ದಳು. ಗಿರಣಿಯಿಂದ ವಾಪಸ್ಸು ಬರುವಾಗ ರಸ್ತೆಯ ನಡುವೆ, ತಾಯಿಯ ಪಕ್ಕಕ್ಕೆ ಬಂದಿದ್ದ ಮಗಳ ಕೈಯ ಡಬ್ಬದ ಮುಚ್ಚಳ ಹಾರಿ ಅರ್ಧ ಹಿಟ್ಟು ನೆಲಕ್ಕೆ, ಉಳಿದದ್ದರಲ್ಲಿ ಒಂದಿಷ್ಟು ಇಬ್ಬರ ಬಟ್ಟೆಗೂ ಚೆಲ್ಲಿತು.

"ಬೇಕು ಅಂತಲೇ ಮಾಡಿದೆ!"

"ಕೈ ಜಾರಿತು."

"ನಿನ್ನೆ ಕತ್ತರಿಯೂ ಜಾರಿತ್ತಾ?"

ಮಗಳು ಅವಳ ಮುಖವನ್ನೇ ನೋಡಿದಳು. "ಇಲ್ಲ. ಅದು ಬೇಕು ಅಂತಲೇ ಮಾಡಿದ್ದು."

ತಾಯಿಯ ಕೈ ಮೇಲೆದ್ದಿತು. ಸ್ಕೂಟರಿನವನೊಬ್ಬ ಹಾರ್ನ್ ಹೊಡೆದು "ದಾರಿ ಬಿಡ್ರೀ" ಎಂದು ಕೂಗಿದ್ದರಿಂದ ಆ ಕೈ ಅಲ್ಲೇ ಇಳಿಯಿತು. ಇಬ್ಬರೂ ಬಿಳಿ ಬಿಳಿಯಾಗಿ ಮನೆಗೆ ಬಂದರು. ಅತ್ತೆ ಒಂದು ಕಣ್ಣಿಗೆ ಬಟ್ಟೆ ಒತ್ತಿಕೊಂಡೇ ಇಬ್ಬರನ್ನೂ ನೋಡಿ, "ನನ್ನ ಕಣ್ಣು ಪೂರಾ ಹೋಯಿತೋ, ನೀವೇ ಹೀಗಿದ್ದೀರೋ?" ಎಂದರು.

ಸಂಜೆ ಗೊಂಬೆಯ ಮನೆಗೆ ಹೊರಟಾಗ ತಾಯಿ ದಾರಿಯುದ್ದಕ್ಕೂ ಪಾಠ ಹೇಳಿದಳು. ತಲೆ ತಗ್ಗಿಸಿ ನಿಲ್ಲು. ಅವರು ಬೈದರೆ ಬೈಸಿಕೋ. ಅಳು ಬಂದರೆ ಒಳ್ಳೆಯದೇ, ಅತ್ತುಬಿಡು.

ಮೂರನೇ ಮಹಡಿಯ ಆ ಮನೆಯ ಬಾಗಿಲು ಮೊದಲೇ ತೆರೆದಿತ್ತು. ಗೊಂಬೆಯ ತಾಯಿ ಕೂರಲು ಹೇಳಲಿಲ್ಲ. ಟೀಪಾಯಿಯ ಮೇಲೆ ಒಂದು ಪ್ಲಾಸ್ಟಿಕ್ ಕವರಿತ್ತು. ಅದರೊಳಗಿನಿಂದ ಜಡೆಯನ್ನು ತೆಗೆದು ಅವರ ಮುಂದಿಟ್ಟಳು. ಕೆಳಗಿನ ತುದಿಗೆ ಇನ್ನೂ ರಬ್ಬರ್ ಬ್ಯಾಂಡು, ಮೇಲಿನ ತುದಿ ಪೊರಕೆಯಂತೆ ಕೆದರಿತ್ತು.

"ಹುಟ್ಟಿದಾಗಿನಿಂದ ಬೆಳೆಸಿದ ಕೂದಲು. ನೋಡಿ. ಕಣ್ತುಂಬ ನೋಡಿ. ನನ್ನ ಮಗಳು ನಿನ್ನೆಯಿಂದ ಕನ್ನಡಿ ಮುಂದೆ ನಿಂತಿಲ್ಲ."

ತಾಯಿ ಹೊರಡುವಾಗ ಸಿದ್ಧಮಾಡಿಕೊಂಡಿದ್ದ ಮಾತುಗಳೆಲ್ಲ ಆ ಜಡೆಯ ಮುಂದೆ ಸಣ್ಣವಾದವು. "ತಪ್ಪಾಗಿದೆ," ಎಂದಳು. "ದೊಡ್ಡ ತಪ್ಪು. ನಾನು ಏನು ಹೇಳಿದರೂ ಕಡಿಮೆಯೇ."

ಮಗಳು ಮಾತ್ರ ಜಡೆಯನ್ನೇ ನೋಡುತ್ತಿದ್ದಳು. "ಇದು ನಾನು ಹೆಣೆದದ್ದಲ್ಲ," ಎಂದಳು ಮೆಲ್ಲಗೆ.

"ಏನಂದೆ?"

"ದಿನಾ ಪ್ರೇಯರಿಗೆ ಮುಂಚೆ ನಾನೇ ಹೆಣೀತಿದ್ದೆ. ಐದನೇ ಕ್ಲಾಸಿನಿಂದ. ಆಮೇಲೆ ಅವಳು ಆ ಹೊಸ ಹುಡುಗಿ ಹತ್ರ ಕೂತ್ಕೊಂಡಳು. ಅವಳ ಕೈಲೇ ಹೆಣೆಸಿಕೊಂಡಳು. ನನ್ನ ಎದುರಿಗೇ."

ತಾಯಿ ಮಗಳ ಕಡೆ ತಿರುಗಿದಳು. ಮನೆಯಲ್ಲಿ ಬಾಚಣಿಗೆ ಕೊಟ್ಟರೂ ಒರಟೊರಟಾಗಿ ಎಳೆದು ಬಿಡುವ ಈ ಹುಡುಗಿ, ವರ್ಷಗಟ್ಟಲೆ ಇನ್ನೊಬ್ಬಳ ತಲೆಯನ್ನು ಬಾಚುತ್ತಿದ್ದಳೆಂಬುದೇ ಅವಳಿಗೆ ತಿಳಿದಿರಲಿಲ್ಲ.

"ಓಹೋ! ಅದಕ್ಕೆ ಕತ್ತರಿಸಿಬಿಡೋದಾ?" ಗೊಂಬೆಯ ತಾಯಿಯ ದನಿ ಏರಿತು. "ಕೇಳಿದ್ರಾ ಇವಳ ಸೊಕ್ಕು? ಇದು ಕ್ಷಮೆ ಕೇಳೋ ರೀತಿನಾ?" ಮೊಬೈಲ್ ತೆಗೆದು ಮಗಳ ಮುಖಕ್ಕೆ ನೇರವಾಗಿ ಹಿಡಿದಳು. "ಇಲ್ಲಿ ನೋಡಿಕೊಂಡು ಹೇಳು. ಹೆಸರು, ಕ್ಲಾಸು, ಏನು ಮಾಡಿದೆ, ಎಲ್ಲ ಹೇಳು. ಪೇರೆಂಟ್ಸ್ ಗ್ರೂಪಿಗೆ ಹಾಕ್ತೀನಿ. ಎಂಥವಳ ಪಕ್ಕದಲ್ಲಿ ತಮ್ಮ ಮಕ್ಕಳು ಕೂತಿದ್ದಾರೆ ಅಂತ ಎಲ್ಲರಿಗೂ ಗೊತ್ತಾಗಲಿ."

"ಅದು ಬೇಡ ರೀ," ಎಂದಳು ತಾಯಿ.

"ನನ್ನ ಮಗಳ ತಲೆ ಇಡೀ ಶಾಲೆ ನೋಡಿದೆ. ನಿಮ್ಮ ಮಗಳ ಮುಖವನ್ನೂ ನೋಡಲಿ."

"ಬೈಯಿರಿ. ಬೇಕಾದ್ರೆ ಹೊಡೀರಿ. ಫೋನ್ ಕೆಳಗಿಡಿ."

"ಇಡಲ್ಲ."

ತಾಯಿ ಮುಂದೆ ಬಾಗಿ ಆ ಮಣಿಕಟ್ಟನ್ನು ಹಿಡಿದಳು. ಕೈ ಹಿಡಿಯುವುದು ಅವಳ ದಿನನಿತ್ಯದ ಕೆಲಸ. ಹಿಡಿದ ಕೈ ಅಲುಗಾಡದ ಹಾಗೆ ಹಿಡಿಯುವುದು ಗೊತ್ತಿತ್ತು. ಫೋನ್ ಸೋಫಾದ ಮೇಲೆ ಬಿತ್ತು. ಗೊಂಬೆಯ ತಾಯಿ ಕಿರುಚಿದಳು. "ರೌಡಿ ಮನೆತನ! ತಾಯಿಯಂತೆ ಮಗಳು! ಟಿ.ಸಿ. ಕೊಡಿಸದೆ ಬಿಡಲ್ಲ, ನೋಡ್ತಾ ಇರಿ!"

"ಕೊಡಿಸಿ. ಸಿನಿಮಾ ಮಾತ್ರ ತೆಗೆಯೋಕೆ ಬಿಡಲ್ಲ," ಎಂದು ತಾಯಿ ಮಗಳ ತೋಳು ಹಿಡಿದು ಹೊರಗೆಳೆದಳು.

ಎರಡನೇ ಮಹಡಿಗೆ ಇಳಿಯುವಷ್ಟರಲ್ಲಿ ಮಗಳು ತೋಳು ಕೊಸರಿಕೊಂಡಳು. ಅವಳ ಕಣ್ಣಲ್ಲಿ ಬೆಂಕಿ.

"ಯಾಕೆ ಹಾಗೆ ಮಾಡಿದೆ?"

"ಯಾಕೆ ಅಂದ್ರೆ? ನಿನ್ನ ಮುಖ ಊರೆಲ್ಲ ಹರಡಲಿ ಅಂತ ಬಿಡಬೇಕಿತ್ತಾ?"

"ನಾನು ಸಾರಿ ಹೇಳ್ತಿದ್ದೆ! ಬಾಯಿತನಕ ಬಂದಿತ್ತು. ಗೊಂಬೆ ಪರದೆ ಹಿಂದೆ ನಿಂತಿದ್ದಳು, ನನಗೆ ಅವಳ ಕಾಲು ಕಾಣ್ತಿತ್ತು. ನೀವಿಬ್ಬರೂ ಜಗಳ ಆಡಿ ಎಲ್ಲ ಹಾಳು ಮಾಡಿದ್ರಿ. ಬೆಳಗ್ಗೆ ಅಂಗಡೀಲಿ ಎಲ್ಲರೂ ನನ್ನ ನೋಡಿ ನಗೋ ಹಾಗೆ ಮಾಡಿದ್ದು ನೀನೇ ಅಲ್ವಾ? ಆಗೆಲ್ಲಿ ಹೋಗಿತ್ತು ಮರ್ಯಾದೆ?"

ಮಗಳು ಮೆಟ್ಟಿಲುಗಳನ್ನು ಮತ್ತೆ ಹತ್ತಿ ಓಡಿದಳು. ತಾಯಿ ಹಿಂದೆಯೇ ಹೋಗಲು ಹೊರಟವಳು ಅಲ್ಲೇ ನಿಂತಳು. ಮೇಲೆ ಬೆಲ್ ಸದ್ದಾಯಿತು. ಚಿಲಕದ ಸರಪಳಿ ಹಾಕಿದ್ದಂತೆಯೇ ಬಾಗಿಲು ಒಂದಿಷ್ಟು ತೆರೆದ ಸದ್ದು.

"ಗೊಂಬೆ, ಸಾರಿ ಕಣೇ. ನಾನು ಮಾಡಿದ್ದು ತುಂಬ ಕೆಟ್ಟದ್ದು."

"ಕೇಳಿಸ್ತು," ಒಳಗಿನಿಂದ ಗೊಂಬೆಯ ದನಿ.

"ನಾಳೆ…"

"ನಾಳೆ ನನ್ನ ಹತ್ರ ಬರಬೇಡ. ನಾಡಿದ್ದೂ ಬರಬೇಡ. ಜಡೆ ಬೆಳೆದ ಮೇಲೂ ಬರಬೇಡ."

ಬಾಗಿಲು ಮುಚ್ಚಿತು. ಮಗಳು ಗೋಡೆ ಹಿಡಿದು ನಿಧಾನಕ್ಕೆ ಇಳಿದು ಬಂದಳು. ತಾಯಿ ಅವಳ ಬೆನ್ನ ಮೇಲೆ ಕೈಯಿಡಲು ಹೋದಾಗ "ಮುಟ್ಟಬೇಡ" ಎಂದು ಸರಿದಳು.

ಮನೆ ತಲುಪುವ ಮೊದಲೇ ಹೆಡ್‌ಮೇಡಂ ಫೋನು ಬಂತು. "ಏನ್ರೀ ಇದು, ಕ್ಷಮೆ ಕೇಳೋಕೆ ಹೋಗಿ ಅವರ ಕೈ ತಿರುಚಿದ್ರಂತೆ?"

"ತಿರುಚಿಲ್ಲ ಮೇಡಂ, ಹಿಡಿದೆ. ತಿರುಚಿದ್ದರೆ ಅವರು ಇಷ್ಟು ಬೇಗ ನಿಮಗೆ ಫೋನ್ ಮಾಡೋಕಾಗ್ತಿರಲಿಲ್ಲ."

ಆಚೆ ಕಡೆ ಉಸಿರು ಬಿಟ್ಟ ಸದ್ದು. "ಆ ಹುಡುಗಿ ತಾಯಿ ಟಿ.ಸಿ. ಬೇಕೇ ಬೇಕು ಅಂತಿದ್ದಾರೆ. ಆದರೆ ಆ ಹುಡುಗೀನೇ ಫೋನ್ ಇಸ್ಕೊಂಡು, 'ಅವಳು ಸಾರಿ ಹೇಳಿದಳು, ಅವಳ ಮುಖ ಕಾಣದ ಹಾಗೆ ನನ್ನನ್ನು ಬೇರೆ ಕಡೆ ಕೂರಿಸಿ, ಸಾಕು' ಅಂದಳು. ಅವಳು ಯಾಕೆ ಜಾಗ ಬಿಡಬೇಕು? ನಿಮ್ಮ ಮಗಳೇ ಬಿ ಸೆಕ್ಷನ್ನಿಗೆ ಹೋಗಲಿ. ಇನ್ನೊಂದು ಸಲ ಏನಾದರೂ ಆದರೆ ನನ್ನ ಹತ್ರ ಬರಲೇಬೇಡಿ. ನೀವು ಕೂಡ."

ಮನೆಯಲ್ಲಿ ಎದ್ದು ಬಂದ ಗಂಡ "ಏನಾಯ್ತು?" ಎಂದಾಗ ಇಬ್ಬರೂ ಒಟ್ಟಿಗೇ "ಏನಿಲ್ಲ" ಎಂದರು. ತಾಯಿ ಅತ್ತೆಯ ಕಣ್ಣಿಗೆ ಡ್ರಾಪ್ಸ್ ಹಾಕಿದಳು. ನಲ್ಲಿಯ ವಾಷರನ್ನು ಮಾತ್ರ ತರಲು ಮರೆತಿದ್ದಳು.

ಮರುದಿನ ಶಾಲೆಯ ಗೇಟಿನಲ್ಲಿ ಮಗಳು, "ನೀನು ಒಳಗೆ ಬರಬೇಡ," ಎಂದಳು.

"ಸೆಕ್ಷನ್ ಬದಲಿಗೆ ಸಹಿ ಹಾಕೋಕಿದೆ. ಬರ್ತೀನಿ."

"ಸಹಿ ಹಾಕಿ ಹೋಗಿಬಿಡು."

"ಅಂಗಡೀಲಿ ನಾನು ಹಾಗೆ ಹೇಳಬಾರದಿತ್ತು," ಎಂದಳು ತಾಯಿ, ಮುಖ ನೋಡದೆ.

"ಹೌದು, ಹೇಳಬಾರದಿತ್ತು," ಎಂದಳು ಮಗಳು. ಅಷ್ಟೇ.

ಎ ಸೆಕ್ಷನ್ನಿನ ಕಿಟಕಿಯ ಪಕ್ಕ ಗೊಂಬೆ ಕೂತಿದ್ದಳು. ಗಿಡ್ಡ ಕೂದಲು, ಪಕ್ಕದಲ್ಲಿ ಹೊಸ ಗೆಳತಿ. ಮಗಳು ಆ ಕಡೆ ನೋಡದೆ ಮುಂದೆ ನಡೆದು, ಬಿ ಸೆಕ್ಷನ್ನಿನ ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂತು ಪುಸ್ತಕ ತೆಗೆದಳು. ತಾಯಿ ಬಾಗಿಲಿನಲ್ಲೇ ನಿಂತಿದ್ದಳು.

"ಏನಾದ್ರೂ ಬೇಕಿತ್ತಾ?" ಎಂದರು ಒಳಗೆ ಬಂದ ಟೀಚರು.

"ಇಲ್ಲ," ಎಂದು ಅವಳು ಲ್ಯಾಬಿಗೆ ಹೊರಟಳು.